ನೂರೈವತ್ತು ಅಡಿ ಮೇಲೆ

ಒಂದು ವರ್ಷ ಕಳೆದರೂ ಈರಬಸಪ್ಪನವರು ತಮ್ಮ ಎಡಗೈಯನ್ನು ಕ್ಷಮಿಸಿರಲಿಲ್ಲ. ಅಳಿಯನನ್ನಂತೂ ಕ್ಷಮಿಸುವ ಮಾತೇ ಇರಲಿಲ್ಲ.

ನಡೆದದ್ದು ಇಷ್ಟು. ೧೯೩೫ರ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ರಜೆಯಲ್ಲಿ, ಧಾರವಾಡ ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಒಂಬತ್ತು ಮನೆಯವರು ಊರ ಹೊರಗೆ ಡೇರೆ ಹೊಡೆದು ಎಂಟು ದಿನ ಇದ್ದು ಬರೋಣವೆಂದು ಹೊರಟರು. ಪೇಟೆಯ ವಾಡೆಗಳಲ್ಲಿ ಎರಡೆರಡು ಕೋಣೆಗಳಲ್ಲಿ ಬದುಕುತ್ತಿದ್ದ ಹೆಂಗಸರಿಗೆ ಆಕಾಶವೆಂದರೆ ಅಂಗಳದ ಮೇಲಿನ ಚೌಕಾಕಾರದ ತುಂಡು. ಹೀಗಾಗಿ ಹೆಚ್ಚು ಉತ್ಸಾಹ ಅವರದೇ. ಜಾಗ ಆರಿಸುವ ಕೆಲಸ ಈರಬಸಪ್ಪನವರ ಅಳಿಯ ರಾಮಲಿಂಗಪ್ಪನ ಪಾಲಿಗೆ ಬಂತು. ಅವನು ಬಿ.ಎಸ್‌ಸಿ. ಪಾಸಾದವನು, ಹವಾಮಾನ ಕಚೇರಿಯಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುವವನು. ಬಿಸಿಲು, ಮಳೆ, ಗಾಳಿಯ ಸಂಗತಿ ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ರಾಮಲಿಂಗಪ್ಪ ಔಂಧದ ಆಚೆ ಮುಳಾ ನದಿ ತಿರುಗುವಲ್ಲಿ, ಗುಡ್ಡದ ಬುಡದಲ್ಲಿರುವ ಮಾವಿನ ತೋಪನ್ನು ಆರಿಸಿದ. ನೀರು ಹತ್ತಿರ, ನೆರಳು ಉಂಟು, ಗುಡ್ಡ ಅಡ್ಡ ಬಂದುದರಿಂದ ಗಾಳಿಯ ಕಾಟವಿಲ್ಲ. ಮೊದಲ ದಿನ ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಮರುದಿನ ನಸುಕಿನಲ್ಲಿ ಎದ್ದವರಿಗೆ ಹಲ್ಲು ಕಡಿಯುವಂಥ ಚಳಿ. ಡೇರೆಯ ಬಟ್ಟೆ ನೆನೆದು ಹಲಗೆಯಂತೆ ಸೆಟೆದಿತ್ತು. ಆದರೆ ಈರಬಸಪ್ಪನವರಿಗೆ ನಿಯಮವೆಂದರೆ ನಿಯಮ. ಸೂರ್ಯ ಹುಟ್ಟುವ ಮೊದಲು ತಣ್ಣೀರಿನ ಸ್ನಾನ, ಆಮೇಲೆ ಬಯಲಲ್ಲಿ ಕುಳಿತು ಲಿಂಗಪೂಜೆ. ಅದಾಗದೆ ಹನಿ ಚಹಾ ಕೂಡ ಗಂಟಲಲ್ಲಿ ಇಳಿಯದು. ಮಿಂದು ಬಂದು, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡರು. ಬಲಗೈಯಿಂದ ಬಿಲ್ವಪತ್ರೆ ಏರಿಸುವಷ್ಟರಲ್ಲಿ ಎಡಗೈ ತರತರ ನಡುಗಲು ತೊಡಗಿತು. ಬೆರಳು ಮರಗಟ್ಟಿ ಹಿಡಿತ ತಪ್ಪಿ, ಐವತ್ತು ವರ್ಷ ಆ ಅಂಗೈಯಲ್ಲಿ ಅಲುಗದೆ ಕುಳಿತಿದ್ದ ಲಿಂಗ ಜಾರಿತು. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕುಳಿತಿದ್ದ ಮಗಳು ಶಿವಗಂಗವ್ವ ಬುಟ್ಟಿ ಬಿಸಾಡಿ ಎರಡೂ ಕೈ ಒಡ್ಡಿದ್ದರಿಂದ ನೆಲ ಮುಟ್ಟಲಿಲ್ಲ.

ಲಿಂಗ ನೆಲಕ್ಕೆ ಬೀಳುವುದೆಂದರೆ ಪ್ರಾಣ ಹೋದಷ್ಟೇ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಮಧ್ಯಾಹ್ನದೊಳಗೆ ಡೇರೆಗಳು ಮಡಚಿ ಬಂಡಿ ಏರಿದ್ದವು.

ಆ ಮೇಲೆ ವರ್ಷವಿಡೀ ರಾಮಲಿಂಗಪ್ಪ ಕನ್ನಡದವರ ಮನೆಗೆ ಕಾಲಿಟ್ಟಲ್ಲೆಲ್ಲ ಒಂದೇ ಮಾತು. "ಹವಾಮಾನದವ್ರು ಬಂದ್ರು, ಕಂಬಳಿ ತಗೀರಿ!"

ಈ ಅಣಕಕ್ಕಿಂತ ಅವನನ್ನು ಕೊರೆದದ್ದು ಬೇರೆ. ಎಲ್ಲಿ ತಪ್ಪಿದೆ ಎಂಬುದೇ ತಿಳಿಯಲಿಲ್ಲ. ಗಾಳಿ ಇಲ್ಲದ ಜಾಗ ಬೆಚ್ಚಗಿರಬೇಕಲ್ಲ? ಉತ್ತರ ಸಿಕ್ಕಿದ್ದು ಮಾರ್ಚ್ ತಿಂಗಳಲ್ಲಿ, ಅವನದೇ ಮೇಜಿನ ಮೇಲೆ. ಕಚೇರಿಯ ಅಂಗಳದಲ್ಲಿ ಒಂದು ಉಷ್ಣಮಾಪಕ, ಗೋಪುರದ ಮಾಳಿಗೆಯಲ್ಲಿ ಇನ್ನೊಂದು. ಚಳಿಗಾಲದಲ್ಲಿ ಮೋಡವೂ ಗಾಳಿಯೂ ಇಲ್ಲದ ನಿರಭ್ರ, ನಿರ್ವಾತ ರಾತ್ರಿಗಳಲ್ಲಿ ಕೆಳಗಿನ ಅಂಗಳ ಮೇಲಿನ ಮಾಳಿಗೆಗಿಂತ ಆರೇಳು ಡಿಗ್ರಿ ತಣ್ಣಗಿರುತ್ತಿತ್ತು. ಎಂಟು ವರ್ಷದಿಂದ ಆ ಅಂಕಿಗಳನ್ನು ತನ್ನ ಕೈಯಿಂದಲೇ ದಪ್ಪ ಪುಸ್ತಕಕ್ಕೆ ಏರಿಸುತ್ತ ಬಂದಿದ್ದ. ಏರಿಸಿದ್ದನೇ ಹೊರತು ಓದಿರಲಿಲ್ಲ. ತಣ್ಣಗಾದ ಗಾಳಿ ಭಾರವಾಗುತ್ತದೆ. ಭಾರವಾದದ್ದು ನೀರಿನಂತೆ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಗಾಳಿ ಆಡದ ತಗ್ಗಾದರೆ ಕಲಕುವವರೂ ಇಲ್ಲ. ಮಾವಿನ ತೋಪು ಚಳಿಯ ಕೆರೆಯಾಗಿತ್ತು. ತಾನು ಮಾವನವರನ್ನು ಆ ಕೆರೆಯ ತಳದಲ್ಲಿ ಕೂಡಿಸಿ ಪೂಜೆ ಮಾಡಿಸಿದ್ದ.

ಅಂದು ರಾಮಲಿಂಗಪ್ಪ ಪೆನ್ನು ಕೆಳಗಿಟ್ಟ. ನಾಚಿಕೆಯೂ ಆಯಿತು, ಒಳಗೊಳಗೆ ಸಂತೋಷವೂ ಆಯಿತು. ಕಾರಣ ಗೊತ್ತಾದ ತಪ್ಪನ್ನು ತಿದ್ದಬಹುದು.

ಆದರೆ ತಿದ್ದಲು ಅವಕಾಶ ಯಾರು ಕೊಡಬೇಕು?

೧೯೩೬ರ ದೀಪಾವಳಿ ಮುಗಿದ ಮೊದಲ ಆದಿತ್ಯವಾರ ಭವಾನಿ ಪೇಟೆಯಲ್ಲಿ ಮುರುಗೆಪ್ಪನ ಮಾಳಿಗೆಯ ಮೇಲೆ ಎಲ್ಲರೂ ಕೂಡಿದರು. ಮುರುಗೆಪ್ಪ ಬೆಳಗಾವಿ ಕಡೆಯ ಶೇಂಗಾ ಎಣ್ಣೆಯ ವ್ಯಾಪಾರಿ. ಎತ್ತರದ ದನಿ, ಅದಕ್ಕಿಂತ ಎತ್ತರದ ತಲೆಯ ಪಟಕಾ. ಆ ವರ್ಷ ಅವನು ಇಂದಾಪುರದ ದಾರಿಯಲ್ಲಿ ಓಡಿ ಓಡಿ ಮುಪ್ಪಾದ ಒಂದು ಬಸ್ಸನ್ನು ಕೊಂಡು, ಆಸನಗಳನ್ನು ಕಿತ್ತು, ಒಳಗೆ ಎರಡು ಮಂಚ, ಒಂದು ಮಾಡ, ಕಿಟಕಿಗೆ ಹೂವಿನ ಪರದೆ ಹಾಕಿಸಿ 'ಗಾಲಿಮನಿ' ಎಂದು ಹೆಸರಿಟ್ಟಿದ್ದ. ಅದನ್ನು ನಾಲ್ಕು ಜನಕ್ಕೆ ತೋರಿಸಬೇಕಾದರೆ ಡೇರೆಯ ವಾಸ ಮತ್ತೊಮ್ಮೆ ಆಗಲೇಬೇಕು.

"ನದೀ ದಂಡಿನೇ ಬೇಕ್ರಿ. ಚಿಂಚವಾಡದ ಕಡೆ ಪವನೆ ದಂಡಿ ಮ್ಯಾಲೆ ಏನ್ ಚಂದ ಹುಲ್ಲದ ಅಂತೀರಿ! ನಮ್ಮ ಗಾಲಿಮನಿ ಸೀದಾ ನೀರಿನ ತನಕಾ ಹೋಗತದ" ಎಂದ ಮುರುಗೆಪ್ಪ.

"ಅಲ್ಲಿ ನೆಲ ಎರಿ ಮಣ್ಣು. ಸ್ವಲ್ಪ ಹಸಿ ಇದ್ರೂ ನಿಮ್ಮ ಗಾಲಿಮನಿ ಗಾಲಿ ಕಾಣಂಗಿಲ್ಲ, ಬರೇ ಮನಿ ಕಾಣತದ" ಎಂದ ರಾಮಲಿಂಗಪ್ಪ.

ಹೆಂಗಸರ ಕಡೆಯಿಂದ ನಗೆ ಕೇಳಿಸಿತು. ಮುರುಗೆಪ್ಪನ ಹೆಂಡತಿ ಸಾವಂತ್ರವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಹಂಗಾರ ನಿನ್ನ ಜಾಗಾ ಯಾವುದಪಾ, ಪಂಡಿತಾ?" ಎಂದ ಮುರುಗೆಪ್ಪ.

"ಹೋದ ವರ್ಷದ್ದೇ ಗುಡ್ಡ."

ಮಾಳಿಗೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

"ಅದೇ ಗುಡ್ಡ, ತೋಪು ಅಲ್ಲ," ರಾಮಲಿಂಗಪ್ಪ ದನಿ ಏರಿಸಿದ. "ತೋಪಿನಿಂದ ನೂರೈವತ್ತು ಅಡಿ ಮ್ಯಾಲೆ ಒಂದು ಸಪಾಟು ಮಾಳ ಅದ. ಗಟ್ಟಿ ಮುರಮಿನ ನೆಲ. ಡೇರೆ ಗೂಟ ಹಿಡೀತಾವ. ಹಳೇ ಕಲ್ಲು ಖಣಿಯ ಗಾಡಿದಾರಿ ಅದ, ಮೋಟಾರು ಏರತದ. ನೀರು ಪೀಪಾಯಿಯೊಳಗ ಬಂಡಿ ಮ್ಯಾಲೆ ತರಿಸೋಣು. ಮುಖ್ಯ ಅಂದ್ರ, ಅಲ್ಲಿ ಮುಂಜಾನೆ ಚಳಿ ಇರಂಗಿಲ್ಲ."

"ತಗ್ಗಿನ್ಯಾಗ ಅಷ್ಟು ಚಳಿ ಇದ್ರ ಗುಡ್ಡದ ಮ್ಯಾಲೆ ಎಷ್ಟಿರಬ್ಯಾಡ?" ಮುರುಗೆಪ್ಪ ಸುತ್ತಲೂ ನೋಡಿದ. "ಈ ಸಲ ಮಾವನವರ್ನ ಕಲ್ಲು ಮಾಡೇ ಬಿಡಾಂವ ಇದ್ದಾನ!"

ಗೋಡೆಗೆ ಒರಗಿ ಕುಳಿತಿದ್ದ ಈರಬಸಪ್ಪನವರು ಕೈ ಎತ್ತಿದರು. ಖಡಕಿಯ ದಂಡಿನ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ಅವರ ಮಾತು ಯಾವಾಗಲೂ ಸರಕಾರಿ ಹುಕುಮಿನ ಹಾಗೆ ಚಿಕ್ಕದು. "ನೋಡ್ರಿ, ಇದ ಕಡೀದು. ಜಾಗಾ ಯಾವುದರ ಇರಲಿ. ಮೊದಲನೇ ಮುಂಜಾನೆ ನಾ ತಣ್ಣೀರ ಜಳಕಾ ಮಾಡಿ ಬಯಲಾಗ ಪೂಜಾಕ್ಕ ಕೂಡಾಂವ. ನನ್ನ ಅಂಗೈ ನಡುಗಲಿಲ್ಲ ಅಂದ್ರ ಎಂಟೂ ದಿನಾ ಇರೋಣು, ವರ್ಷಾ ವರ್ಷಾ ಬರೋಣು. ನಡುಗಿತಂದ್ರ ಅವತ್ತೇ ಹೊಳ್ಳಿ ಮನೀಗೆ. ಇನ್ನ ಮ್ಯಾಲೆ ಈ ಡೇರೆ-ಗೀರೆ ಮಾತು ನನ್ನ ಮುಂದ ಯಾರೂ ತಗೀಬಾರದು."

ಶಿವಗಂಗವ್ವ ಕದದ ಹಿಂದಿನಿಂದ ಗಂಡನ ಕಡೆ ನೋಡಿದಳು. ಆ ನೋಟದ ಅರ್ಥ ಅವನಿಗೆ ಗೊತ್ತಿತ್ತು. ಹೋದ ವರ್ಷ ಮೊದಲ ಸಂಜೆ ತೋಪಿನ ಹೊರಗೆ ಬಯಲಲ್ಲಿ ನಿಂತು, ತಲೆ ಎತ್ತಿ, ಅವಳು ಹೇಳಿದ್ದಳು. "ಇಷ್ಟ ದೊಡ್ಡದ ಐತೆನ್ರಿ ಇದು? ಮರತೇ ಬಿಟ್ಟಿದ್ದೆ." ಅವಳ ಪಾಲಿಗೆ ಬಂದದ್ದು ಆ ಒಂದೇ ಸಂಜೆ.

"ಜಾಗಾ ಆರಿಸಾಕ ನನಗ ಐದು ಆದಿತ್ಯವಾರ ಕೊಡ್ರಿ" ಎಂದ ರಾಮಲಿಂಗಪ್ಪ. "ಮಾತಿನಿಂದ ಅಲ್ಲ, ಕಣ್ಣಿಗೆ ಕಾಣೂ ಹಂಗ ತೋರಸ್ತೇನಿ."

ತೋರಿಸುವುದು ಹೇಗೆ ಎಂಬುದನ್ನು ಅವನು ಇನ್ನೂ ಯೋಚಿಸಿರಲಿಲ್ಲ. ಕಚೇರಿಯ ಉಷ್ಣಮಾಪಕಗಳನ್ನು ಗುಡ್ಡಕ್ಕೆ ಒಯ್ಯುವ ಹಾಗಿರಲಿಲ್ಲ. ಕೇಳುವ ಮನಸ್ಸೂ ಬರಲಿಲ್ಲ. ಸ್ವಂತದ್ದು ಒಂದೇ ಇತ್ತು. ಒಂದನ್ನು ಹಿಡಿದುಕೊಂಡು ಒಂದೇ ನಸುಕಿನಲ್ಲಿ ಗುಡ್ಡದ ಎಂಟು ಕಡೆ ಇರುವುದು ಸಾಧ್ಯವಿಲ್ಲ. ಮತ್ತು ಮುರುಗೆಪ್ಪನಂಥವರಿಗೆ ಗಾಜಿನ ಕಡ್ಡಿಯೊಳಗಿನ ಪಾದರಸದ ಗೆರೆ ಏನು ಹೇಳೀತು?

ದಾರಿ ತೋರಿದ್ದು ಅಡಿಗೆಮನೆ. ಒಂದು ಮುಂಜಾನೆ ಶಿವಗಂಗವ್ವ ಎಣ್ಣೆಯ ಡಬ್ಬಿ ಅಲ್ಲಾಡಿಸುತ್ತ, "ಊರಾಗ ನಮ್ಮಪ್ಪನ ಹೊಲದ ಮನ್ಯಾಗ ಥಂಡಿ ದಿನಾ ಶೇಂಗಾ ಎಣ್ಣಿ ಬೆಳ್ಳಗ ಗಟ್ಟಿ ಆಗೂದು. ಇಲ್ಲೆ ಪ್ಯಾಟ್ಯಾಗ ಎಂದೂ ಆಗಂಗಿಲ್ಲ ನೋಡ್ರಿ" ಎಂದಳು.

ರಾಮಲಿಂಗಪ್ಪ ಬಾಯಿಗೆ ಒಯ್ದ ತುತ್ತನ್ನು ಅಲ್ಲಿಯೇ ನಿಲ್ಲಿಸಿದ. "ಇನ್ನೊಮ್ಮೆ ಹೇಳು."

ಅಂದು ಸಂಜೆ ಮಂಜುಗಡ್ಡೆ ತಂದು, ಎಣ್ಣೆ ತುಂಬಿದ ಔಷಧದ ಬಾಟಲಿಯನ್ನು ಅದರಲ್ಲಿಟ್ಟು, ಉಷ್ಣಮಾಪಕ ಹಿಡಿದು ಕುಳಿತ. ನಾಲ್ಕು ಸಲ ಮಾಡಿದ. ನಾಲ್ಕೂ ಸಲ ಎಣ್ಣೆ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಸುಮಾರಿಗೆ ಮಬ್ಬಾಗಿ, ಇನ್ನೂ ಇಳಿದಂತೆ ಬಿಳಿಯ ಲೋಳೆಯಾಯಿತು. ಅದಕ್ಕಿಂತ ಮೇಲಿದ್ದರೆ ಹೊಂಬಣ್ಣದ ನೀರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಅದೂ ಎಣ್ಣೆಯ ವ್ಯಾಪಾರಿಯ ಮುಂದೆ!

ಮುಂದಿನ ಶನಿವಾರ ಸಂಜೆ ಎಂಟು ಬಾಟಲಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಎತ್ತರ ಅಳೆಯಲು ಅವನದೊಂದು ಪದ್ಧತಿಯಿತ್ತು. ಎರಡೂ ಕಡೆ ಮುಚ್ಚಿದ ಗಾಜಿನ ನಳಿಗೆಯಲ್ಲಿ ನೀರು ತುಂಬಿ ಒಂದು ಗುಳ್ಳೆ ಬಿಟ್ಟಿದ್ದ. ಗುಳ್ಳೆ ನಡುವೆ ನಿಂತಾಗ ನಳಿಗೆಯ ಗುಂಟ ನೋಡಿದರೆ, ಎದುರಿನ ಇಳಿಜಾರಿನಲ್ಲಿ ಕಾಣುವ ಕಲ್ಲು ತನ್ನ ಕಣ್ಣಿನ ಎತ್ತರಕ್ಕೇ ಇರುತ್ತದೆ. ಆ ಕಲ್ಲಿನ ಮೇಲೆ ಹೋಗಿ ನಿಂತು ಮತ್ತೆ ನೋಡುವುದು. ಅವನ ಕಣ್ಣಿನ ಎತ್ತರ ಐದು ಅಡಿ ಎರಡು ಅಂಗುಲ. ತೋಪಿನಿಂದ ಮಾಳದವರೆಗೆ ಇಪ್ಪತ್ತೊಂಬತ್ತು ಸಲ ಹೀಗೆ ನಿಂತ. ನೂರೈವತ್ತು ಅಡಿಗೆ ಎರಡೇ ಅಂಗುಲ ಕಡಿಮೆ. ದಾರಿಯುದ್ದಕ್ಕೂ ಗೂಟ ನೆಟ್ಟು ಬಾಟಲಿ ಕಟ್ಟಿದ.

ಮಾಳದ ಒಂದು ಅಂಚಿಗೆ ಬಾಳು ಎಂಬ ಧನಗರನ ಕುರಿದೊಡ್ಡಿ ಇತ್ತು. ಬಾಟಲಿ ಕಟ್ಟುವವನನ್ನು ಅವನು ದೂರದಿಂದ ಕಣ್ಣಿಟ್ಟು ನೋಡಿ, ಮಾಟ ಮಾಡುವವನೆಂದು ತೀರ್ಮಾನಿಸಿ, ಹತ್ತಿರ ಬಂದು, ತನ್ನ ಒಂದು ಕುರಿ ಮೇವು ಬಿಟ್ಟಿದೆ, ಅದಕ್ಕೂ ಒಂದು ಬಾಟಲಿ ಕಟ್ಟಿರೆಂದು ಮರಾಠಿಯಲ್ಲಿ ಕೈಮುಗಿದು ಕೇಳಿದ. ರಾಮಲಿಂಗಪ್ಪ ಚಳಿ ಅಳೆಯುವ ಸಂಗತಿ ಹೇಳಿದ. ಬಾಳು ಗಹಗಹಿಸಿ ನಕ್ಕ. "ಗಾರಠಾ ಖಾಲೀ ಬಸತೋ, ಸಾಹೇಬ!" ಚಳಿ ಕೆಳಗೆ ಕೂಡುತ್ತದೆ, ಇಲ್ಲದಿದ್ದರೆ ತಾನು ನದಿ ಬಿಟ್ಟು ಇಷ್ಟು ಮೇಲೆ ದೊಡ್ಡಿ ಹಾಕುತ್ತಿದ್ದೆನೇ? ಕುರಿಗಳಿಗೆ ತಿಳಿದದ್ದಕ್ಕೆ ಬಾಟಲಿ ಏಕೆ?

"ಕುರಿಗೆ ತಿಳೀತದ, ನಮ್ಮ ಮಂದಿಗೆ ತೋರಿಸಬೇಕಾಗತದ" ಎಂದು ರಾಮಲಿಂಗಪ್ಪ ಮರಾಠಿಯಲ್ಲೇ ಹೇಳಿದ. ಕುರಿ ಮಲಗಿದ ನೆಲದಲ್ಲಿ ಕಚ್ಚುವ ಉಣ್ಣೆಹುಳಗಳು ಇರುತ್ತವೆಂದು ನೆನಪಾಗಿ, ಡೇರೆಯ ಜಾಗವನ್ನು ದೊಡ್ಡಿಯಿಂದ ಇನ್ನೂರು ಹೆಜ್ಜೆ ಆಚೆ ಸರಿಸಿ ಸುಣ್ಣದ ಗುರುತು ಹಾಕಿದ.

ಐದು ಆದಿತ್ಯವಾರ ನಸುಕಿನಲ್ಲಿ ಸೈಕಲ್ ಹೊಡೆದು ಹೋಗಿ ನೋಡಿದ. ಮೋಡವಿದ್ದ ಒಂದು ದಿನ ಎಲ್ಲ ಬಾಟಲಿಗಳೂ ತಿಳಿಯಾಗಿದ್ದವು. ಉಳಿದ ನಾಲ್ಕು ದಿನವೂ ತೋಪಿನ ಬಾಟಲಿ ಬಿಳಿ, ಎಪ್ಪತ್ತು ಅಡಿಯವರೆಗಿನವು ಮಬ್ಬು, ಮಾಳದ್ದು ಹೊಂಬಣ್ಣ. ಐದನೆಯ ಆದಿತ್ಯವಾರ ಬಿಳಿಯ ಬಾಟಲಿ, ಹೊಂಬಣ್ಣದ ಬಾಟಲಿ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಮುರುಗೆಪ್ಪನ ಗಾದಿಯ ಮುಂದೆ ಇಟ್ಟ.

ಮುರುಗೆಪ್ಪ ಎರಡನ್ನೂ ಮೂಸಿ ನೋಡಿದ. "ಇದರಾಗ ಏನೋ ಬೆರಸೀದಿ."

"ನಿಮ್ಮ ಅಂಗಡೀದ ಎಣ್ಣಿ ಅದು!"

"ಹಂಗಂದ್ರ ನಮ್ಮ ಎಣ್ಣ್ಯಾಗ ಬೆರಕೆ ಅದ ಅಂತೀಯೇನು?"

"ಇಲ್ಲ. ಬೆರಕೆ ಇಲ್ಲಂತನ ಹೇಳಾಕತ್ತೇನಿ. ಒಂದೇ ಡಬ್ಬಿ, ಎರಡು ಎತ್ತರ, ಅಷ್ಟೆ."

ಮುರುಗೆಪ್ಪ ಒಪ್ಪಿದನೆಂದೇನಲ್ಲ. ಆದರೆ ಒಳಗಿನಿಂದ ಸಾವಂತ್ರವ್ವನ ದನಿ ಬಂತು. "ನಾವು ಹೆಂಗಸ್ರೆಲ್ಲಾ ಮಾಳದ ಕಡೆ ಇದ್ದೇವ್ರಿ. ಶಿವಗಂಗವ್ವ ನಿನ್ನೆ ಮನಿ ಮನಿ ತಿರಗಿ ಹೇಳ್ಯಾಳ. ನಿಮ್ಮ ಚಿಂಚವಾಡಕ್ಕ ನೀವು, ನಿಮ್ಮ ಗಾಲಿಮನಿ ಇಬ್ಬರೇ ಹೋಗ್ರಿ." ಅಲ್ಲಿಗೆ ಜಾಗ ನಿಶ್ಚಯವಾಯಿತು.

ಡಿಸೆಂಬರ್ ಇಪ್ಪತ್ತನಾಲ್ಕರಂದು ಮೂರು ಕಮಾನು ಬಂಡಿ, ಒಂದು ಸಾಮಾನಿನ ಬಂಡಿ, ಅವುಗಳ ಹಿಂದೆ ಕಹಳೆ ಊದುತ್ತ ಗಾಲಿಮನಿ, ಹೀಗೆ ಒಂಬತ್ತು ಕುಟುಂಬಗಳ ದಂಡು ಗುಡ್ಡ ಮುಟ್ಟಿತು. ಬಂಡಿಗಳು ಖಣಿಯ ದಾರಿಯನ್ನು ನಿಧಾನವಾಗಿ ಏರಿದವು. ಗಾಲಿಮನಿ ಅರ್ಧಕ್ಕೆ ಬಂದು, ಒಮ್ಮೆ ಗುಡುಗಿ, ಎರಡು ಸಲ ಕೆಮ್ಮಿ, ನಿಂತುಬಿಟ್ಟಿತು. ಮುರುಗೆಪ್ಪ ಚಾಲಕನ ಕಿಟಕಿಯಿಂದ ಪಟಕಾ ಹೊರಹಾಕಿದ.

"ಏರತದ ಅಂದಿದ್ದಿ!"

"ಹನ್ನೊಂದು ಅಡಿಗೆ ಒಂದು ಅಡಿ ಏರು ಅದ. ನಿಮ್ಮ ಮೋಟಾರಿಗೆ ಅದು ದೊಡ್ಡದಲ್ಲ" ಎಂದ ರಾಮಲಿಂಗಪ್ಪ. "ಒಳಗ ಏನೇನು ಅದ?"

ಎಲ್ಲರನ್ನೂ ಕೆಳಗಿಳಿಸಿದರು. ಏರಲಿಲ್ಲ. ಎರಡು ಚೀಲ ಜೋಳ ಇಳಿಸಿದರು. ಏರಲಿಲ್ಲ. ರಾಮಲಿಂಗಪ್ಪ ಒಳಗೆ ಹೊಕ್ಕು ನೋಡಿದರೆ, ಹಿಂದಿನ ಮಂಚದ ಕೆಳಗೆ ಗೋಣಿ ಹೊದಿಸಿದ ದೊಡ್ಡ ಬೀಸುಕಲ್ಲು! ಅದರ ಮೇಲೆ ಕಾಲು ಚಾಚಿ ಸಾವಂತ್ರವ್ವ ಕುಳಿತಿದ್ದಳು. ಎಲ್ಲರೂ ಇಳಿದಿದ್ದರು, ಅವಳೊಬ್ಬಳನ್ನು ಬಿಟ್ಟು.

"ಗಿರಣಿ ಹಿಟ್ಟಿನ ರೊಟ್ಟಿ ನಾ ತಿನ್ನಂಗಿಲ್ಲ. ಮಂದೀಗೂ ತಿನ್ನಸಂಗಿಲ್ಲ" ಎಂದಳು.

"ನಾಕು ಮಂದಿ ಎತ್ತೂ ಕಲ್ಲು ಯಾರು ತಂದ್ರಿ ಇದನ್ನ?" ಮುರುಗೆಪ್ಪ ಕೂಗಿದ.

"ನೀವು ಪಟಕಾ ಸುತ್ತಗೋತ ಕನ್ನಡಿ ಮುಂದ ನಿಂತಾಗ ಬಂದದ್ದು."

ಅದುವರೆಗೆ ಒಂದು ಕಲ್ಲಿನ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಈರಬಸಪ್ಪನವರೇ ತೀರ್ಪು ಹೇಳಿದರು. "ಕಲ್ಲು ಇಲ್ಲೇ ದಾರಿ ಬಾಜೂಕ ಇಳಸ್ರಿ. ನಾಳೆ ಮುಂಜಾನೆ ನನ್ನ ಕೈ ನಡುಗಲಿಲ್ಲಂದ್ರ ಮ್ಯಾಲೆ ತರ್ರಿ. ನಡುಗಿದ್ರ ಹೊಳ್ಳಿ ಹೋಗೂಮುಂದ ದಾರ್ಯಾಗ ಹೆಂಗೂ ಸಿಗತದ."

ಕಲ್ಲು ಇಳಿಯಿತು. ಗಾಲಿಮನಿ ಹಗುರಾಗಿ, ಇಂದಾಪುರದ ಪ್ರಯಾಣಿಕರನ್ನೆಲ್ಲ ನೆನೆಸಿಕೊಂಡಂತೆ ಒಮ್ಮೆ ಅಬ್ಬರಿಸಿ, ಒಂದೇ ಉಸಿರಿಗೆ ಮಾಳ ಏರಿ ನಿಂತಿತು. ಮಕ್ಕಳು ಕೇಕೆ ಹಾಕಿದರು. ಮುರುಗೆಪ್ಪ ಇಳಿದು ಅದರ ಮೂತಿ ಸವರಿದ.

ರಾಮಲಿಂಗಪ್ಪ ಸುಣ್ಣದ ಗುರುತಿನಂತೆ ಡೇರೆ ಹಾಕಿಸಿದ. ಮಕ್ಕಳಿದ್ದ ಮನೆಗಳಿಗೆ ನಡುವಿನ ಜಾಗ, ವಯಸ್ಸಾದವರಿಗೆ ಸಪಾಟಿನ ಜಾಗ, ಮೋಟಾರಿನ ಹೊಗೆ ಯಾರಿಗೂ ತಾಗದಂತೆ ಗಾಲಿಮನಿ ಗಾಳಿಯ ಕೆಳಬದಿಗೆ. ಹೆಂಗಸರ ಸ್ನಾನಕ್ಕೆ ಖಣಿಯ ಹಳೆಯ ಗೋಡೆಯ ಮರೆ. ಮುರಮಿನ ನೆಲ ಗೂಟಗಳನ್ನು ಹಲ್ಲು ಕಚ್ಚಿದಂತೆ ಹಿಡಿಯಿತು. ಎಲ್ಲವೂ ಅಂದುಕೊಂಡ ಹಾಗೆ ಆಗುತ್ತಿದ್ದಾಗ, ಸಂಜೆಯ ಹೊತ್ತಿಗೆ ಗಾಳಿ ಎದ್ದಿತು.

ಐದು ಆದಿತ್ಯವಾರಗಳಲ್ಲಿ ಅವನು ನಸುಕಿನ ಗಾಳಿ ನೋಡಿದ್ದ, ಸಂಜೆಯದನ್ನು ಅಷ್ಟಾಗಿ ಗಮನಿಸಿರಲಿಲ್ಲ. ತಣ್ಣನೆಯ ಗಾಳಿ ಮಾಳದ ಮೇಲೆ ಬೀಸಿ ಡೇರೆಗಳನ್ನು ಪಟಪಟ ಬಡಿಯಿತು. ಒಲೆಗಳ ಹೊಗೆ ಎಲ್ಲರ ಕಣ್ಣಿಗೆ ಹೋಯಿತು. ಕೆಳಗೆ ತೋಪಿನಲ್ಲಿ ಒಂದು ಎಲೆ ಕೂಡ ಅಲುಗುತ್ತಿರಲಿಲ್ಲ. ನೋಡಿದವರಿಗೆಲ್ಲ ಅದು ಸ್ವರ್ಗದಂತೆ ಕಂಡಿತು.

"ಅಲ್ಲಿ ನೋಡ್ರಿ ಎಷ್ಟು ಬೆಚ್ಚಗ ಕಾಣತದ" ಎಂದ ಮುರುಗೆಪ್ಪ, ಕಂಬಳಿಯೊಳಗಿನಿಂದ.

ಈರಬಸಪ್ಪನವರು ಶಾಲನ್ನು ಕಿವಿಯವರೆಗೆ ಎಳೆದುಕೊಂಡರು. ಶಿವಗಂಗವ್ವ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಈ ಗಾಳಿ ನಿಂದರತದೇನ್ರಿ?"

"ನಿಂದರತದ. ನಿಂದರಬೇಕು." ಅವನ ದನಿಯಲ್ಲಿ ಎರಡನೆಯ ಮಾತು ಮೊದಲನೆಯದಕ್ಕಿಂತ ಮೆತ್ತಗಿತ್ತು.

ಊಟ ಮುಗಿಯುವ ಹೊತ್ತಿಗೆ ಗಾಳಿ ನಿಂತಿತು. ಆಕಾಶ ಪೂರ್ತಿ ತಿಳಿಯಾಯಿತು. ನಿರಭ್ರ, ನಿರ್ವಾತ, ಪುಸ್ತಕದಲ್ಲಿ ಅವನು ನೂರಾರು ಸಲ ಬರೆದ ಶಬ್ದಗಳು. ಚಳಿ ಅತಿ ಹೆಚ್ಚು ಬೀಳುವುದು ಇಂಥ ರಾತ್ರಿಯೇ. ಪರೀಕ್ಷೆಯೆಂದ ಮೇಲೆ ಹೀಗೆಯೇ ಆಗಬೇಕು ಎಂದುಕೊಂಡು ಮಲಗಿದ. ನಿದ್ದೆಯೇನೂ ಬರಲಿಲ್ಲ.

ಪೂರ್ವ ಬೆಳ್ಳಗಾಗುವ ಮೊದಲೇ ಹೊರಗೆ ಬಂದ. ಮೊದಲು ಮುಖದ ಮೇಲೆ ಗಾಳಿಯನ್ನು ತೆಗೆದುಕೊಂಡ. ತಂಪು, ಆದರೆ ಕಚ್ಚುವ ತಂಪಲ್ಲ. ಡೇರೆಯ ಬಟ್ಟೆ ಮುಟ್ಟಿದ. ಒಣಗಿತ್ತು. ಉಷ್ಣಮಾಪಕ ಐವತ್ತಮೂರು ತೋರಿಸುತ್ತಿತ್ತು. ಮಾಳದ ಅಂಚಿಗೆ ಹೋಗಿ ಕೆಳಗೆ ನೋಡಿದ. ತೋಪು ಇರಲಿಲ್ಲ! ನದಿಯೂ ಇರಲಿಲ್ಲ. ಗುಡ್ಡದ ಬುಡದಲ್ಲಿ ಬಿಳಿಯ ಮಂಜು ಹಾಲಿನಂತೆ ತುಂಬಿ, ಅಂಚು ಕೊರೆದಂತೆ ಸಪಾಟಾಗಿ ನಿಂತಿತ್ತು. ಅದರ ಮೇಲೆ ದೊಡ್ಡ ಮಾವಿನ ಮರವೊಂದರ ತುದಿ ಮಾತ್ರ ಕರಿಯ ಟೊಪ್ಪಿಗೆಯ ಹಾಗೆ ತೇಲುತ್ತಿತ್ತು. ಚಳಿಯ ಕೆರೆ ಎಂದು ಅವನು ಕಲ್ಪಿಸಿಕೊಂಡದ್ದು ಕಣ್ಣೆದುರು ದಂಡೆ ಸಮೇತ ಬಿದ್ದುಕೊಂಡಿತ್ತು.

ಹಿಂದೆ ನೀರಿನ ಸಪ್ಪಳವಾಯಿತು. ಈರಬಸಪ್ಪನವರು ಹಂಡೆಯ ತಣ್ಣೀರನ್ನು ತಂಬಿಗೆ ತಂಬಿಗೆಯಾಗಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಎಣಿಸಿ ಹನ್ನೊಂದು. ಹೋದ ವರ್ಷ ಎಷ್ಟೋ ಅಷ್ಟೇ. ಅವರು ಮೋಸ ಮಾಡುವವರಲ್ಲ. ಸುದ್ದಿ ಕರೆಯದೇ ಹರಡಿತು. ಒಂದೊಂದೇ ಡೇರೆಯ ಬಾಗಿಲು ತೆರೆದು ಜನ ಹೊರಬಂದು, ದೂರದಲ್ಲಿ ಅರ್ಧವೃತ್ತವಾಗಿ ನಿಂತರು. ಸಾವಂತ್ರವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಮುರುಗೆಪ್ಪ ಮಾತ್ರ ಎಲ್ಲೂ ಕಾಣಲಿಲ್ಲ. ಗಾಲಿಮನಿಯೊಳಗೆ ಇನ್ನೂ ಗೊರಕೆ ಹೊಡೆಯುತ್ತಿರಬಹುದೆಂದು ಯಾರೋ ಪಿಸುಗುಟ್ಟಿದರು.

ಈರಬಸಪ್ಪನವರು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತರು. ಬರಿಯ ಎದೆ, ಹಣೆ ತುಂಬ ವಿಭೂತಿ. ಶಿವಗಂಗವ್ವ ಹೂವಿನ ಬುಟ್ಟಿ ತಂದು ಹೋದ ವರ್ಷದ ಹಾಗೆಯೇ ಎಡಕ್ಕೆ ಕುಳಿತಳು. ಈ ಸಲ ಬುಟ್ಟಿಯನ್ನು ಮೊದಲೇ ಕೆಳಗಿಟ್ಟು ಎರಡೂ ಕೈ ಖಾಲಿ ಇಟ್ಟುಕೊಂಡಿದ್ದಳು. ಅದನ್ನು ನೋಡಿ ರಾಮಲಿಂಗಪ್ಪ ಒಂದು ಹೆಜ್ಜೆ ಮುಂದೆ ಬಂದ.

ಕರಡಿಗೆ ತೆರೆಯಿತು. ಲಿಂಗ ಅಂಗೈಗೆ ಬಂತು. ಹನಿ ನೀರು, ವಿಭೂತಿ, ಒಂದು ಬಿಳಿಯ ಹೂವು. ಆಮೇಲೆ ಮುದುಕರು ಬಿಲ್ವದ ಮೂರೆಲೆಯ ದಳವೊಂದನ್ನು ಲಿಂಗದ ನೆತ್ತಿಯ ಮೇಲಿಟ್ಟು, ಕಣ್ಣು ನೆಟ್ಟರು.

ಹಗುರಾದ ಎಲೆ ಅದು. ಉಸಿರು ತಾಗಿದರೂ ಅಲ್ಲಾಡುವಂಥದು. ರಾಮಲಿಂಗಪ್ಪ ಅದರ ತುದಿಯನ್ನು ನೋಡುತ್ತ ನಿಂತ. ತನ್ನ ಬದುಕಿನಲ್ಲಿ ಯಾವ ಮಾಪಕದ ಮುಳ್ಳನ್ನೂ ಅಷ್ಟು ಕಣ್ಣಿಟ್ಟು ನೋಡಿರಲಿಲ್ಲ. ನೂರು ಎಣಿಸಿದ. ಇನ್ನೂರು ಎಣಿಸಿದ. ಕೈ, ಮೊಣಕೈ, ಭುಜ ಕಡೆದಿಟ್ಟಂತೆ ಇದ್ದವು. ಎಲೆ ಅಲುಗಲಿಲ್ಲ. ಮುನ್ನೂರರ ಹತ್ತಿರ ಸೂರ್ಯನ ಮೊದಲ ಕಿರಣ ಮಂಜಿನ ಮೇಲಿಂದ ಹಾಯ್ದು ಬಂದು ಆ ಎಲೆಯ ಅಂಚು ಮುಟ್ಟಿತು. ಆ ಬೆಳಕೂ ಅಲುಗಲಿಲ್ಲ.

ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟ ಮೇಲೆ ಈರಬಸಪ್ಪನವರು ತಮ್ಮ ಎಡಗೈಯನ್ನು ಮುಖದ ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ನಂತರ ಅದೇ ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

ಮೊದಲು ಕೂಗಿದ್ದು ಸಾವಂತ್ರವ್ವ. ಆಮೇಲೆ ಯಾರು ಕೂಗಿದರು, ಯಾರು ಕುಣಿದರು ಎಂಬ ಲೆಕ್ಕವಿಲ್ಲ. ಶಿವಗಂಗವ್ವ ಇನ್ನೂ ಚಾಚಿದ್ದ ಕೈಗಳನ್ನು ಹಾಗೆಯೇ ಮುಖಕ್ಕೆ ಮುಚ್ಚಿಕೊಂಡು, ಬೆರಳ ಸಂದಿಯಿಂದ ಗಂಡನನ್ನು ನೋಡಿ ನಕ್ಕಳು.

ಆ ಗದ್ದಲದಲ್ಲಿ ಖಣಿಯ ದಾರಿಯಿಂದ ಮುರುಗೆಪ್ಪ ಏದುಸಿರು ಬಿಡುತ್ತ ಏರಿ ಬಂದ. ಪಟಕಾ ನೆನೆದು ಜೋತುಬಿದ್ದಿತ್ತು. ಮೀಸೆಯ ಮೇಲೆ ಹನಿ, ಮೂಗು ಕೆಂಪು, ಹಲ್ಲು ಕಟಕಟ. ಎರಡೂ ಕೈಯಲ್ಲಿ ಒಂದು ಬಾಟಲಿಯನ್ನು ಎದೆಗವಚಿಕೊಂಡಿದ್ದ.

"ಎಲ್ಲಿಗೆ ಹೋಗಿದ್ರಿ?" ಸಾವಂತ್ರವ್ವ ಗಾಬರಿಯಾದಳು.

"ತೋ-ತೋಪಿಗೆ. ನಿನ್ನೆ ಸಂಜೀಕ ನಾನ ಸ್ವತಾ ಒಂದು ಬಾಟಲಿ ಇಟ್ಟು ಬಂದಿದ್ದೆ. ನನ್ನ ಕೈಯಾರೆ ತುಂಬಿದ್ದು, ನನ್ನ ಕೈಯಾರೆ ಅರಗು ಹಾಕಿದ್ದು." ಅವನು ಬಾಟಲಿಯನ್ನು ಎತ್ತಿ ತಲೆಕೆಳಗು ಮಾಡಿದ. ಬೆಣ್ಣೆಯಂತೆ ಗಟ್ಟಿಯಾದ ಬಿಳಿಯ ಎಣ್ಣೆ ಮಿಸುಕಲಿಲ್ಲ. "ಅಲ್ಲೆ ಮಂದಿ ಇರಾಕ ಆಗಂಗಿಲ್ರಿ! ನನ್ನ ಬಾಯಿ ಕೂಡ ಗಟ್ಟಿ ಆಗಿಬಿಟ್ಟಿತ್ತು."

"ಹಂಗಾರ ದಿನಾ ಮುಂಜಾನೆ ಒಂದು ತಾಸು ಹೋಗಿ ಬರ್ರಿ" ಎಂದಳು ಸಾವಂತ್ರವ್ವ. "ನಮಗ ಶಾಂತ ಇರತದ."

ನಗೆ ಗುಡ್ಡಕ್ಕೆಲ್ಲ ಕೇಳಿಸಿರಬೇಕು. ದೊಡ್ಡಿಯಿಂದ ಬಾಳು ಎದ್ದು ನಿಂತು ಇತ್ತ ನೋಡಿದ. ಮುರುಗೆಪ್ಪನೂ ನಕ್ಕ. ಬಾಟಲಿಯನ್ನು ರಾಮಲಿಂಗಪ್ಪನ ಕೈಗಿತ್ತು, ಗಾಲಿಮನಿಯ ಚಾವಣಿಯಿಂದ ಉದ್ದನೆಯ ಬಿದಿರಿನ ಬೊಂಬು ಎಳೆದು ಹೆಗಲ ಮೇಲಿಟ್ಟ.

"ಬಾರೋ ಪಂಡಿತಾ. ಮುಂದಿನ ತುದಿ ನಂದು."

ಇನ್ನಿಬ್ಬರು ಗಂಡಸರು ಹಗ್ಗ ತೆಗೆದುಕೊಂಡು ಅವರ ಜೊತೆ ದಾರಿ ಇಳಿದರು. ಅರ್ಧ ತಾಸಿನಲ್ಲಿ ಬೀಸುಕಲ್ಲು ಬೊಂಬಿನಿಂದ ಜೋತಾಡುತ್ತ ಮದುವಣಿಗನ ಠೀವಿಯಲ್ಲಿ ಮಾಳ ಏರಿ ಬಂತು. ಎಳೆಯರು ಮುಂದೆ ತಟ್ಟೆ ಬಾರಿಸುತ್ತ ಬರುತ್ತಿದ್ದರು. ಕೆಳಗೆ ಮಂಜು ಕರಗಿ ತೋಪಿನ ಮರಗಳು ಒಂದೊಂದಾಗಿ ಹೊರಬೀಳುತ್ತಿದ್ದವು, ಪಾಪ, ತೊಯ್ದು ತೊಪ್ಪೆಯಾಗಿ.

ಸಾವಂತ್ರವ್ವನೂ ಶಿವಗಂಗವ್ವನೂ ಗೋಣಿ ಹಾಸಿ ಕೆಳಗಿನ ಕಲ್ಲು ಕೂಡಿಸಿದರು. ರಾಮಲಿಂಗಪ್ಪ ನೀರಿನ ನಳಿಗೆ ತಂದು ಅದರ ಮೇಲಿಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಅಂಚಿಗೆ ಚಿಪ್ಪುಗಲ್ಲು ಸಿಕ್ಕಿಸಿದ. ಯಾರೂ ನಗಲಿಲ್ಲ. ಮೇಲಿನ ಕಲ್ಲು ಏರಿತು, ಮೊದಲ ಹಿಡಿ ಜೋಳ ಬಿತ್ತು.

ಈರಬಸಪ್ಪನವರು ಚಹಾದ ಬಟ್ಟಲು ಹಿಡಿದು ಪಕ್ಕದಲ್ಲಿ ಬಂದು ನಿಂತರು. ಅಳಿಯನ ಭುಜದ ಮೇಲೆ ಎಡಗೈ ಊರಿ, ಬಗ್ಗಿ ಕಲ್ಲನ್ನು ನೋಡಿದರು.

"ಕಲ್ಲಿನ ಗೂಟಾ ಗಟ್ಟಿ ಬಡಿ, ರಾಮಲಿಂಗಾ," ಎಂದರು. "ಎಂಟು ದಿನಾ ತಿರಗಬೇಕು ಅದು."